ಗೋಡೆಗೆ ಹೊಂದದ ಪಿನ್ನು

ಲಂಡನ್ನಿನ ಪಶ್ಚಿಮಕ್ಕಿರುವ ಸ್ಲೌ ಊರಿನಲ್ಲಿ ಅಕ್ಕನ ಮನೆ. ಅವಳು ಅಲ್ಲಿಗೆ ಹೊರಟಾಗ ಅಮ್ಮ ಒಂದು ಹೊಸ ಮಿಕ್ಸಿ ಕೊಟ್ಟು ಕಳಿಸಿದ್ದರು. ಜಾರುಗಳ ಒಳಗೆ ಸಾರಿನಪುಡಿ, ಚಟ್ನಿಪುಡಿಯ ಪೊಟ್ಟಣಗಳನ್ನು ತುಂಬಿ, ಮೋಟಾರಿನ ಭಾಗಕ್ಕೆ ಹಳೆಯ ಕಾಟನ್ ಸೀರೆ ಸುತ್ತಿ, ಸೂಟ್‌ಕೇಸಿನ ನಟ್ಟನಡುವೆ ಇಟ್ಟು ಕಟ್ಟಿದ ಮಿಕ್ಸಿ ಅದು. ಒಂದು ಗೀರೂ ಬೀಳದೆ ಸ್ಲೌ ತಲುಪಿ, ಅಡುಗೆಮನೆಯ ಗೋಡೆಯ ಮುಂದೆ ನಿಂತುಬಿಟ್ಟಿತು. ಅದರ ವೈರಿನ ತುದಿಯಲ್ಲಿ ನಮ್ಮೂರಿನ ಮೂರು ದುಂಡು ಪಿನ್ನು. ಗೋಡೆಯಲ್ಲಿ ಮೂರು ಚಪ್ಪಟೆ ಸೀಳು.

ಭಾವ ಒಂದು ಟ್ರಾವೆಲ್ ಅಡಾಪ್ಟರ್ ತಂದು ಕೆಲಸ ಸುರು ಮಾಡಿಸಿದರು. ಒಂದೂವರೆ ವರ್ಷದ ಮೇಲೆ ನಾನು ಅಲ್ಲಿಗೆ ಹೋದಾಗಲೂ ಮಿಕ್ಸಿ ಅದೇ ಅಡಾಪ್ಟರಿನಲ್ಲೇ ಓಡುತ್ತಿತ್ತು. ಒಂದು ಬೆಳಿಗ್ಗೆ ಚಟ್ನಿ ರುಬ್ಬುವಾಗ ಪ್ಲಾಸ್ಟಿಕ್ ಸುಟ್ಟ ವಾಸನೆ. ಅಡಾಪ್ಟರನ್ನು ಕಿತ್ತು ನೋಡಿದರೆ ಒಂದು ತೂತಿನ ಸುತ್ತ ಕಾಸಿನಗಲ ಕಂದು ಕಲೆ, ಅಂಚು ಕರಗಿ ಸೊಟ್ಟಗಾಗಿದೆ. ಫೋನ್ ಚಾರ್ಜರಿಗೋ ಶೇವರಿಗೋ ನಾಲ್ಕು ದಿನದ ಪ್ರವಾಸಕ್ಕೆಂದು ಮಾಡಿದ ವಸ್ತುವಿನ ಮೇಲೆ 750 ವ್ಯಾಟಿನ ಮೋಟಾರನ್ನು ದಿನವೂ ಎಳೆದಿದ್ದೆವು. ಒಳಗಿನ ಹಿತ್ತಾಳೆ ಪಟ್ಟಿಯ ಬಿಗಿ ಸಡಿಲವಾಗಿ, ಸಡಿಲವಾದ ಜಾಗ ಬಿಸಿಯಾಗಿ, ಬಿಸಿಯಾದ್ದರಿಂದ ಇನ್ನಷ್ಟು ಸಡಿಲವಾಗಿತ್ತು. ಅಡಾಪ್ಟರನ್ನು ಅಲ್ಲೇ ಕಸಕ್ಕೆ ಹಾಕಿ, ಆ ವೈರಿಗೆ ಬ್ರಿಟಿಷ್ ಪ್ಲಗ್ಗನ್ನೇ ಕೂರಿಸೋಣ ಎಂದು ಅಕ್ಕನಿಗೆ ಹೇಳಿದೆ.

ಕೆಲಸ ಇಪ್ಪತ್ತು ನಿಮಿಷದ್ದು. ಅದಕ್ಕೆ ಮೊದಲು ತಿಳಿದಿರಬೇಕಾದ್ದು ಮಾತ್ರ ಅದಕ್ಕಿಂತ ಬಹಳ ಹೆಚ್ಚಿದೆ. ಪಿನ್ನು ಹೊಂದದಿದ್ದಾಗ ನಮಗೆ ಮೊದಲು ಬರುವುದು ಸಿಟ್ಟು: ಇಡೀ ಜಗತ್ತಿಗೆ ಒಂದೇ ಥರದ ಪ್ಲಗ್ ಮಾಡಲು ಇವರಿಗೇನು ಕಷ್ಟ? ನನಗೂ ಹಾಗೇ ಅನ್ನಿಸುತ್ತಿತ್ತು. ಈಗ ಬೇರೆ ಅನ್ನಿಸುತ್ತದೆ. ಹೊಂದದ ಪಿನ್ನು ಬಾಗಿಲಲ್ಲಿ ತಡೆದು ಪ್ರಶ್ನೆ ಕೇಳುವ ಕಾವಲುಗಾರ. ನಿನ್ನ ವೋಲ್ಟೇಜ್ ಎಷ್ಟು, ನಿನ್ನ ಹರ್ಟ್ಜ್ ಎಷ್ಟು, ನಿನಗೆ ಅರ್ಥಿಂಗ್ ಬೇಕೇ, ನಿನ್ನ ವೈರು ಎಷ್ಟು ಆಂಪ್ ತಡೆಯುತ್ತದೆ ಎಂದು ಕೇಳುತ್ತಾನೆ. ಪಿನ್ನನ್ನು ಕತ್ತರಿಸಿದ ಕೂಡಲೇ ಅವನು ಕೆಲಸ ಬಿಟ್ಟು ಹೋದಂತೆ. ಅಲ್ಲಿಂದ ಮುಂದೆ ಆ ಪ್ರಶ್ನೆಗಳನ್ನು ಕೇಳಿಕೊಳ್ಳಬೇಕಾದವರು ನಾವೇ.

ಉತ್ತರ ಇರುವುದು ಉಪಕರಣದ ಹೊಟ್ಟೆಯ ಕೆಳಗೆ. ಅಕ್ಕನ ಮಿಕ್ಸಿಯನ್ನು ಮಗುಚಿ ಹಾಕಿದರೆ ತಳದಲ್ಲಿ ಒಂದು ಚೀಟಿ, ಎಣ್ಣೆಜಿಡ್ಡು ಹಿಡಿದು ಮಬ್ಬಾದದ್ದು. ಸೀರೆಯ ಸೆರಗಿನಲ್ಲಿ ಒರೆಸಿ ಅಕ್ಕ ಓದಿದಳು: 220–240 ವೋಲ್ಟ್, 50 ಹರ್ಟ್ಜ್, 750 ವ್ಯಾಟ್. ಬ್ರಿಟನ್ನಿನಲ್ಲಿ ಗೋಡೆಯಿಂದ ಬರುವುದು 230 ವೋಲ್ಟ್, 50 ಹರ್ಟ್ಜ್. ನಮ್ಮಲ್ಲೂ ಅಷ್ಟೇ. ಹಾಗಾಗಿ ಅವಳ ಮಿಕ್ಸಿಯ ಮಟ್ಟಿಗೆ ಬದಲಾಗಬೇಕಾದದ್ದು ನಿಜಕ್ಕೂ ಪ್ಲಗ್ ಒಂದೇ.

ಈ ಹೋಲಿಕೆ ಆಕಸ್ಮಿಕವಲ್ಲ. ನಮ್ಮ ಗೋಡೆಯ ಮೇಲಿರುವ ದುಂಡು ಪಿನ್ನಿನ ಸಾಕೆಟ್ ಬ್ರಿಟನ್ನಿನದೇ. 1934ರ ಬಿಎಸ್ 546 ಎಂಬ ಬ್ರಿಟಿಷ್ ಮಾನಕದಲ್ಲಿ 5 ಆಂಪಿನ ಸಣ್ಣದು, 15 ಆಂಪಿನ ದೊಡ್ಡದು ಎಂದು ಇದ್ದವು. ಅವೇ ನಮ್ಮ ಐಎಸ್ 1293ರಲ್ಲಿ 6 ಆಂಪ್, 16 ಆಂಪ್ ಆಗಿ ಉಳಿದಿವೆ. ಎರಡನೆಯದನ್ನು ನಾವು ಪವರ್ ಪ್ಲಗ್ ಎನ್ನುತ್ತೇವೆ, ಗೀಸರಿಗೆ, ಎಸಿಗೆ ಬಳಸುತ್ತೇವೆ. ಬ್ರಿಟನ್ ಮಾತ್ರ 1947ರಲ್ಲಿ ಬಿಎಸ್ 1363 ಎಂಬ ಚಪ್ಪಟೆ ಪಿನ್ನಿನ ಹೊಸ ಪ್ಲಗ್ಗನ್ನು ಹೊರತಂದಿತು. ನಮಗೆ ಸ್ವಾತಂತ್ರ್ಯ ಬಂದ ಅದೇ ವರ್ಷ ಅವರು ತಮ್ಮ ಹಳೆಯ ಪ್ಲಗ್ಗನ್ನು ಹಿಂದಕ್ಕೆ ಬಿಡಲು ತೊಡಗಿದರು, ನಾವು ಉಳಿಸಿಕೊಂಡೆವು. ಇವತ್ತು ಬ್ರಿಟನ್ನಿನಲ್ಲಿ ದುಂಡು ಪಿನ್ನು ಕಾಣಬೇಕಾದರೆ ನಾಟಕಶಾಲೆಯ ದೀಪಗಳ ಹತ್ತಿರವೋ ಕೆಲವು ಹೋಟೆಲುಗಳ ಟೇಬಲ್ ಲ್ಯಾಂಪಿನ ಸಾಕೆಟ್ಟಿನಲ್ಲೋ ಹುಡುಕಬೇಕು.

ಆ ಹೊಸ ಪ್ಲಗ್ಗಿನ ಕಥೆಯನ್ನು ಸ್ವಲ್ಪ ನಿಂತು ಹೇಳಲೇಬೇಕು. ಎರಡನೆಯ ಮಹಾಯುದ್ಧದ ಮಧ್ಯೆಯೇ, ಯುದ್ಧ ಮುಗಿದ ಮೇಲೆ ಕಟ್ಟಬೇಕಾದ ಲಕ್ಷಾಂತರ ಮನೆಗಳಿಗೆ ವೈರಿಂಗ್ ಹೇಗಿರಬೇಕೆಂದು ಯೋಚಿಸಲು ಅಲ್ಲಿ ಒಂದು ಸಮಿತಿ ಕೂತಿತ್ತು. ಅದರಲ್ಲಿದ್ದ ಒಬ್ಬಳೇ ಮಹಿಳೆ ಕ್ಯಾರೊಲಿನ್ ಹ್ಯಾಸ್ಲೆಟ್. ಮಹಿಳಾ ಎಂಜಿನಿಯರುಗಳ ಸಂಘದ ಮೊದಲ ಕಾರ್ಯದರ್ಶಿ, ವಿದ್ಯುತ್ತಿನಿಂದ ಮನೆಗೆಲಸದ ಭಾರ ಇಳಿಸಬಹುದೆಂದು ಬದುಕಿಡೀ ಊರೂರು ತಿರುಗಿ ಹೇಳಿದಾಕೆ. ಮನೆಯಲ್ಲಿ ಅಂಬೆಗಾಲಿಡುವ ಮಗು ಇರುತ್ತದೆ, ಅದರ ಬೆರಳು ತೂತಿಗೆ ಹೋಗುತ್ತದೆ ಎಂಬುದನ್ನು ಲೆಕ್ಕಕ್ಕೆ ಹಿಡಿದೇ ಆ ಸಾಕೆಟ್ ರೂಪುಗೊಂಡಿತು. ಮೇಲಿನ ಅರ್ಥ್ ಪಿನ್ನು ಉಳಿದೆರಡಕ್ಕಿಂತ ಉದ್ದ. ಅದು ಮೊದಲು ಒಳಹೋಗಿ ಒಂದು ಮುಚ್ಚಳವನ್ನು ಸರಿಸಿದರೆ ಮಾತ್ರ ಕೆಳಗಿನ ಎರಡು ಸೀಳು ತೆರೆದುಕೊಳ್ಳುತ್ತವೆ. ಹೇರ್‌ಪಿನ್ನನ್ನೋ ಚಮಚದ ಹಿಡಿಯನ್ನೋ ಕೆಳಗಿನ ಸೀಳಿಗೆ ತೂರಿಸಲು ಮಗುವಿಗೆ ಸಾಧ್ಯವಿಲ್ಲ. ನಮ್ಮಲ್ಲಿ ಎರಡು ಪಿನ್ನಿನ ಚಾರ್ಜರನ್ನು ಮೂರು ತೂತಿನ ಸಾಕೆಟ್ಟಿಗೆ ಹಾಕಲು ಮೇಲಿನ ತೂತಿಗೆ ಪೆನ್ನಿನ ರೀಫಿಲ್ಲೋ ಬೆಂಕಿಕಡ್ಡಿಯೋ ತುರುಕುವುದನ್ನು ಎಷ್ಟು ಸಲ ನೋಡಿಲ್ಲ! ಪ್ರತಿ ಸಲವೂ ಮಗುವಿಗಾಗಿ ಯಾರೋ ಯೋಚಿಸಿ ಇಟ್ಟ ಬಾಗಿಲನ್ನು ನಾವು ಮೀಟಿ ತೆಗೆಯುತ್ತಿರುತ್ತೇವೆ.

ಅದೇ ಸಮಿತಿಯ ಇನ್ನೊಂದು ನಿರ್ಧಾರ ಅಕ್ಕನ ಮಿಕ್ಸಿಗೆ ನೇರ ಸಂಬಂಧಪಟ್ಟದ್ದು. ಯುದ್ಧದಿಂದ ತಾಮ್ರಕ್ಕೆ ಬರ ಬಂದಿತ್ತು. ತಾಮ್ರ ಉಳಿಸಲು, ಫ್ಯೂಸ್ ಬೋರ್ಡಿನಿಂದ ಹೊರಟ ವೈರು ಮನೆಯ ಸಾಕೆಟ್ಟುಗಳನ್ನೆಲ್ಲ ಮುಟ್ಟಿ ಮತ್ತೆ ಅದೇ ಬೋರ್ಡಿಗೆ ಮರಳುವ ಉಂಗುರದಂಥ ವೈರಿಂಗನ್ನು ಅವರು ಒಪ್ಪಿಕೊಂಡರು. ಇವತ್ತಿಗೂ ಅಲ್ಲಿನ ಹೆಚ್ಚಿನ ಮನೆಗಳಲ್ಲಿ ಆ ಉಂಗುರಕ್ಕೆ 32 ಆಂಪಿನ ಒಂದೇ ಎಂಸಿಬಿ. ಮಿಕ್ಸಿಯ ತೆಳು ವೈರಿನಲ್ಲಿ ಏನಾದರೂ ಕೆಟ್ಟು ಇಪ್ಪತ್ತು ಆಂಪ್ ಹರಿದರೂ ಆ ಎಂಸಿಬಿ ಮಿಸುಕುವುದಿಲ್ಲ, ವೈರು ಸುಡುತ್ತದೆ. ಅದಕ್ಕಾಗಿ ಪ್ರತಿ ಪ್ಲಗ್ಗಿನ ಹೊಟ್ಟೆಯಲ್ಲೂ ಒಂದೊಂದು ಫ್ಯೂಸ್ ಇಟ್ಟರು. ಬ್ರಿಟಿಷ್ ಪ್ಲಗ್ ಅಷ್ಟು ದಪ್ಪ, ಅಷ್ಟು ಭಾರ ಇರುವುದಕ್ಕೆ ಇದೂ ಒಂದು ಕಾರಣ.

ಅಂಗಡಿಯಲ್ಲಿ ಕೊಂಡ ಬಿಡಿ ಪ್ಲಗ್ಗಿನೊಳಗೆ ಸಾಮಾನ್ಯವಾಗಿ 13 ಆಂಪಿನ ಫ್ಯೂಸ್ ಇರುತ್ತದೆ, ಮೈಮೇಲೆ ಕಂದು ಬಣ್ಣದ ಬರಹ. 750 ವ್ಯಾಟನ್ನು 230 ವೋಲ್ಟಿನಿಂದ ಭಾಗಿಸಿದರೆ ಮೂರೂಕಾಲು ಆಂಪ್ ಬರುತ್ತದೆ. ಕೆಂಪು ಬರಹದ 3 ಆಂಪಿನ ಫ್ಯೂಸು ತುಸು ಕಡಿಮೆಯಾಯಿತು, 13 ಅತಿಯಾಯಿತು. 5 ಆಂಪಿನದೂ ಸಿಗುತ್ತದೆ, ಕೇಳಿ ತರಬೇಕು. ತಂದೆವು.

ಇನ್ನು ಕೆಲಸ. ಮಿಕ್ಸಿಯ ಪ್ಲಗ್ ವೈರಿನ ಜೊತೆಗೇ ಎರಕ ಹೊಯ್ದದ್ದು, ಬಿಚ್ಚಲು ಸ್ಕ್ರೂ ಇಲ್ಲ. ಕತ್ತರಿಸಲೇಬೇಕು. ಕತ್ತರಿಸಿದ ತಲೆಯನ್ನು ಮೇಜಿನ ಮೇಲೆ ಬಿಡಬಾರದು. ಅದನ್ನು ಒಂದು ಮಗು ಎಲ್ಲಾದರೂ ಹೊಂದುವ ಸಾಕೆಟ್ಟಿಗೆ ಚುಚ್ಚಿದರೆ ತುಂಡಾದ ವೈರಿನ ತುದಿಯಲ್ಲಿ ಬೆತ್ತಲೆ ಕರೆಂಟ್ ನಿಂತಿರುತ್ತದೆ. ಕಟಿಂಗ್ ಪ್ಲೇಯರಿನಲ್ಲಿ ಪಿನ್ನುಗಳನ್ನು ತಿರುಚಿಯೇ ಅದನ್ನು ಕಸಕ್ಕೆ ಹಾಕಿದೆ. ಆಮೇಲೆ ವೈರಿನ ಹೊರಸಿಪ್ಪೆಯನ್ನು ಎರಡು ಇಂಚಿನಷ್ಟು ಸುಲಿದಾಗ ಒಳಗಿಂದ ಕೆಂಪು, ಕಪ್ಪು, ಹಸಿರು ಹೊರಬಂದವು. ಪ್ಲಗ್ಗಿನ ಜೊತೆಗೆ ಬಂದ ರಟ್ಟಿನ ಚೀಟಿಯಲ್ಲಿ ಬರೆದದ್ದು ಕಂದು, ನೀಲಿ, ಹಸಿರು-ಹಳದಿ.

ಅಕ್ಕ ಅಲ್ಲಿ ತಡೆದಳು. “ಬಣ್ಣಾನೇ ಬೇರೆ ಇದೆಯಲ್ಲೋ, ಯಾವುದು ಎಲ್ಲಿಗೆ ಅಂತ ಹೇಗೆ ಗೊತ್ತಾಗುತ್ತೆ?”

ಕೇಳಬೇಕಾದ ಪ್ರಶ್ನೆಯೇ ಅದು. ಕೆಂಪು ಫೇಸ್, ಕಪ್ಪು ನ್ಯೂಟ್ರಲ್, ಹಸಿರು ಅರ್ಥ್ ಎಂಬುದು ಬ್ರಿಟನ್ನಿನದೇ ಹಳೆಯ ಪದ್ಧತಿ, ಅಲ್ಲಿಂದ ನಮಗೆ ಬಂದದ್ದು. 1970ರ ಆಸುಪಾಸಿನಲ್ಲಿ ಯುರೋಪಿನ ಜೊತೆ ಹೊಂದಿಸಿಕೊಳ್ಳಲು ಅವರು ಉಪಕರಣಗಳ ವೈರಿನ ಬಣ್ಣ ಬದಲಿಸಿಕೊಂಡರು. ಆದ್ದರಿಂದ ನಮ್ಮ ಕೆಂಪು ಹೋಗಬೇಕಾದ್ದು ಕಂದಿನ ಜಾಗಕ್ಕೆ, ಕಪ್ಪು ನೀಲಿಯ ಜಾಗಕ್ಕೆ. ತೆರೆದ ಪ್ಲಗ್ಗನ್ನು ಪಿನ್ನು ಆಚೆಗೆ, ಅರ್ಥ್ ಮೇಲಕ್ಕೆ ಬರುವಂತೆ ಹಿಡಿದರೆ ಬಲಗಡೆ ಫ್ಯೂಸಿನ ಪಕ್ಕದ್ದು ಫೇಸ್, ಎಡಗಡೆಯದು ನ್ಯೂಟ್ರಲ್. ಆದರೂ ಬಣ್ಣವನ್ನಷ್ಟೇ ನಂಬಿ ಕೂರಲಿಲ್ಲ. ಕತ್ತರಿಸುವ ಮೊದಲೇ ಮೀಟರ್ ಹಿಡಿದು, ಹಳೆಯ ಪ್ಲಗ್ಗಿನ ಉದ್ದ ಪಿನ್ನಿಗೂ ಮಿಕ್ಸಿಯ ತಳದ ಲೋಹದ ಸ್ಕ್ರೂವಿಗೂ ಸಂಪರ್ಕ ಇರುವುದನ್ನು ನೋಡಿಕೊಂಡಿದ್ದೆ. ಕತ್ತರಿಸಿದ ಮೇಲೆ ಆ ತಲೆಯ ತುಂಡಿನಲ್ಲೇ ಯಾವ ಬಣ್ಣ ಯಾವ ಪಿನ್ನಿಗೆ ಹೋಗುತ್ತದೆ ಎಂದು ಮೂರನ್ನೂ ನೋಡಿ, ಆಮೇಲೆಯೇ ಪಿನ್ನು ತಿರುಚಿದ್ದು.

ಹಸಿರು ವೈರನ್ನು ಉಳಿದೆರಡಕ್ಕಿಂತ ಅರ್ಧ ಇಂಚು ಉದ್ದ ಬಿಟ್ಟೆ. ಯಾರೋ ಎಡವಿ ವೈರನ್ನು ಜಗ್ಗಿದರೆ ಮೊದಲು ಫೇಸ್ ಕಿತ್ತುಬರಬೇಕು, ಕಟ್ಟಕಡೆಗೆ ಅರ್ಥ್. ಒಂದೊಂದು ವೈರಿನ ಎಳೆಗಳನ್ನೂ ಹೊಸೆದು, ಒಂದೇ ಒಂದು ಕೂದಲೆಳೆಯೂ ಹೊರಗೆ ಉಳಿಯದಂತೆ ಸ್ಕ್ರೂವಿನ ಕೆಳಗೆ ಕೂರಿಸಬೇಕು. ಪ್ಲಗ್ಗಿನ ಬಾಯಲ್ಲಿ ವೈರನ್ನು ಕಚ್ಚಿ ಹಿಡಿಯುವ ಪಟ್ಟಿ ಇರುತ್ತದಲ್ಲ, ಅದು ಹೊರಸಿಪ್ಪೆಯ ಮೇಲೇ ಕಚ್ಚಬೇಕು. ಒಳಗಿನ ತೆಳು ವೈರುಗಳ ಮೇಲೆ ಕಚ್ಚಿದರೆ ಆರು ತಿಂಗಳಲ್ಲಿ ಅವು ಸವೆಯುತ್ತವೆ. ನಾನು ನೋಡಿದ ಕೆಟ್ಟ ಪ್ಲಗ್ಗುಗಳಲ್ಲಿ ಬಹುಪಾಲು ಕೆಟ್ಟದ್ದು ಈ ಒಂದೇ ಜಾಗದಲ್ಲಿ. ಮುಚ್ಚಳ ಹಾಕಿ ವೈರನ್ನು ಗಟ್ಟಿಯಾಗಿ ಎಳೆದು ನೋಡಿದೆ, ಅಲುಗಲಿಲ್ಲ. ಅಕ್ಕ ಒಂದು ಬಿಳಿ ಟೇಪು ಅಂಟಿಸಿ “5 ಆಂಪ್ ಮಾತ್ರ” ಎಂದು ಕನ್ನಡದಲ್ಲೇ ಬರೆದಳು.

ಬ್ರಿಟನ್ನಿನಲ್ಲಿ ಒಂದು ಕಾಲಕ್ಕೆ ಇದು ಎಲ್ಲರಿಗೂ ಬರುತ್ತಿದ್ದ ಕೆಲಸ. ಇಸ್ತ್ರಿಪೆಟ್ಟಿಗೆ ಕೊಂಡರೆ ಪ್ಲಗ್ ಇಲ್ಲದ ಬರಿ ವೈರು ಬರುತ್ತಿತ್ತು, ಮನೆಗೆ ತಂದು ತಾವೇ ಹಾಕಿಕೊಳ್ಳಬೇಕು. ಶಾಲೆಯಲ್ಲೇ ಮಕ್ಕಳಿಗೆ ಅದನ್ನು ಕಲಿಸುತ್ತಿದ್ದರು. 1994ರ ನಿಯಮ ಬಂದ ಮೇಲೆ ಮಾರುವವರೇ ಪ್ಲಗ್ ಸಮೇತ ಕೊಡಬೇಕಾಯಿತು. ಅಪಾಯ ಕಡಿಮೆಯಾದದ್ದು ಒಳ್ಳೆಯದೇ. ಆದರೆ ಒಂದು ಪ್ಲಗ್ಗನ್ನು ಬಿಚ್ಚಿ ಒಳಗೆ ಏನಿದೆ ಎಂದು ನೋಡುವ ಕೈಗಳೂ ಅದರ ಜೊತೆ ಕಡಿಮೆಯಾದವು ಎಂದು ನನಗೆ ಬೇಸರವಿದೆ.

ದುಬೈ, ಅಬುಧಾಬಿ, ಕುವೈತುಗಳಲ್ಲೂ ಇದೇ ಬ್ರಿಟಿಷ್ ಸಾಕೆಟ್, 50 ಹರ್ಟ್ಜ್. ಮಂಗಳೂರು, ಉಡುಪಿ, ಭಟ್ಕಳದ ಎಷ್ಟೋ ಮನೆಗಳಿಗೆ ಅಲ್ಲಿಂದ ಇಸ್ತ್ರಿಪೆಟ್ಟಿಗೆ, ಕೆಟಲ್, ಓವನ್‌ಗಳು ಬಂದಿವೆ. ಬಂದ ದಿನವೇ ದಪ್ಪ ಪ್ಲಗ್ಗನ್ನು ಕತ್ತರಿಸಿ ನಮ್ಮ ತ್ರೀ ಪಿನ್ ಟಾಪ್ ಹಾಕುವುದು ವಾಡಿಕೆ. ಹಾಕಬಹುದು, ತಪ್ಪಿಲ್ಲ. ಆದರೆ ಪ್ಲಗ್ಗಿನ ಜೊತೆ ಅದರ ಫ್ಯೂಸೂ ಹೋಯಿತು ಎಂಬುದು ನೆನಪಿರಲಿ. ಆ ವೈರನ್ನು ಕಾಯಲು ಇನ್ನು ಮನೆಯ ಎಂಸಿಬಿ ಒಂದೇ. ಅಲ್ಲಿನ ಕೆಟಲ್ಲುಗಳಲ್ಲಿ 3000 ವ್ಯಾಟಿನವೂ ಇರುತ್ತವೆ, ಅಂದರೆ 13 ಆಂಪ್. ಅದಕ್ಕೆ ದೊಡ್ಡ 16 ಆಂಪಿನ ಟಾಪೇ ಬೇಕು. ಕೈಗೆ ಸಿಕ್ಕಿತೆಂದು 6 ಆಂಪಿನ ಸಣ್ಣ ಟಾಪ್ ಹಾಕಿ ಅಡುಗೆಮನೆಯ ಲೈಟಿನ ಸ್ವಿಚ್ ಪಕ್ಕದ ಸಾಕೆಟ್ಟಿಗೆ ಚುಚ್ಚಿದರೆ ಕರಗುವುದು ಗೋಡೆಯೊಳಗಿನ ವೈರು. ಸೌದಿಯಿಂದ ಬಂದವರು ಇನ್ನೂ ಒಂದು ಸಲ ಚೀಟಿ ಓದಬೇಕು, ಅಲ್ಲಿನದು 60 ಹರ್ಟ್ಜ್.

ಅಮೆರಿಕದ ವಿಷಯ ಪೂರಾ ಬೇರೆ. ಅಲ್ಲಿ ಪ್ಲಗ್ ಬದಲಿಸಿದರೆ ಸಮಸ್ಯೆ ಮುಗಿಯುವುದಿಲ್ಲ, ಅಲ್ಲಿಂದಲೇ ಸುರುವಾಗುತ್ತದೆ. ಥಾಮಸ್ ಎಡಿಸನ್ 1882ರಲ್ಲಿ ನ್ಯೂಯಾರ್ಕಿನ ಪರ್ಲ್ ಸ್ಟ್ರೀಟಿನಿಂದ ಮನೆ-ಅಂಗಡಿಗಳಿಗೆ ಕರೆಂಟ್ ಕೊಟ್ಟಾಗ ತನ್ನ ಬಲ್ಬಿಗೆ ಒಗ್ಗುವ 110 ವೋಲ್ಟನ್ನು ಇಟ್ಟುಕೊಂಡ. ಆ ಸುತ್ತಿನ ಅಂಕೆಯೇ ಬೆಳೆದು ಇಂದಿನ 120 ವೋಲ್ಟ್ ಆಯಿತು. ಬರ್ಲಿನ್ ನಗರದ ವಿದ್ಯುತ್ ಕಂಪನಿ 1899ರಲ್ಲಿ 220 ವೋಲ್ಟಿಗೆ ಏರಿತು. ಅದೇ ದಪ್ಪದ ತಾಮ್ರದ ವೈರಿನಲ್ಲಿ ಎರಡರಷ್ಟು ವಿದ್ಯುತ್ ಕಳಿಸಬಹುದು ಎಂಬ ಲೆಕ್ಕ ಅದು. ಯುರೋಪು ಆ ದಾರಿ ಹಿಡಿಯಿತು, ಅಮೆರಿಕ ಅಷ್ಟರಲ್ಲಿ ಎಷ್ಟೋ ಕಡೆ ಬಲ್ಬು ಕೊಟ್ಟಾಗಿತ್ತು, ಹಿಂದಿರುಗಲಿಲ್ಲ. ನಮ್ಮ ಮೈಸೂರು ಸಂಸ್ಥಾನ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ 1902ರಲ್ಲಿ ವಿದ್ಯುತ್ ಕಳಿಸಿ, 1905ರಲ್ಲಿ ಬೆಂಗಳೂರಿನ ಬೀದಿದೀಪ ಹಚ್ಚಿದ ಕಾಲಕ್ಕೆ ಜಗತ್ತು ಹೀಗೆ ಎರಡು ಹೋಳಾಗಿತ್ತು. ಜಪಾನಿನಲ್ಲಂತೂ ಒಂದೇ ದೇಶದಲ್ಲಿ ಪೂರ್ವಕ್ಕೆ 50 ಹರ್ಟ್ಜ್, ಪಶ್ಚಿಮಕ್ಕೆ 60. ಮೊದಲ ಯಂತ್ರಗಳು ಟೋಕಿಯೋಗೆ ಜರ್ಮನಿಯಿಂದ, ಒಸಾಕಾಗೆ ಅಮೆರಿಕದಿಂದ ಬಂದವು ಎಂಬುದೇ ಕಾರಣ.

230 ವೋಲ್ಟಿನ ಇಸ್ತ್ರಿಪೆಟ್ಟಿಗೆಗೆ ಅಮೆರಿಕದ ಪ್ಲಗ್ ಹಾಕಿದರೆ ಏನಾಗುತ್ತದೆ? ವೋಲ್ಟೇಜ್ ಸುಮಾರು ಅರ್ಧವಾಗುತ್ತದೆ, ಕಾವು ಮಾತ್ರ ಅರ್ಧಕ್ಕೆ ನಿಲ್ಲದೆ ಕಾಲು ಭಾಗಕ್ಕೆ ಇಳಿಯುತ್ತದೆ. 1000 ವ್ಯಾಟಿನ ಪೆಟ್ಟಿಗೆ 270 ವ್ಯಾಟಿನಷ್ಟೇ ಕಾಯುತ್ತದೆ, ಕಾಟನ್ ಅಂಗಿಯ ಸುಕ್ಕು ಹೋಗುವುದಿಲ್ಲ. ಅದರಿಂದ ಅಪಾಯವಿಲ್ಲ. ತಿರುಗಿಸಿ ನೋಡಿದರೆ ಭಯವಾಗಬೇಕು. ನನ್ನ ಚಿಕ್ಕಪ್ಪನ ಮಗ ಹತ್ತು ವರ್ಷ ಅಮೆರಿಕದಲ್ಲಿದ್ದು ಬೆಂಗಳೂರಿಗೆ ಮರಳಿದಾಗ ತನ್ನ ಅನ್ನದ ಕುಕ್ಕರ್ ತಂದಿದ್ದ. 120 ವೋಲ್ಟ್, 600 ವ್ಯಾಟ್. ಬೀದಿಯ ಎಲೆಕ್ಟ್ರಿಕ್ ಅಂಗಡಿಯಲ್ಲಿ ಪ್ಲಗ್ ಬದಲಿಸಿಕೊಟ್ಟರು. ಅಂಗಡಿಯವರ ತಪ್ಪೆನ್ನಲಾರೆ, ಅವರನ್ನು ಕೇಳಿದ್ದು ಪಿನ್ ಬದಲಿಸಿ ಎಂದಷ್ಟೇ. ಗೋಡೆಗೆ ಹಾಕಿದ ಕ್ಷಣದಿಂದ ಆ 600 ವ್ಯಾಟಿನ ಕುಕ್ಕರು 2200 ವ್ಯಾಟ್ ಎಳೆಯತೊಡಗಿತು. ಎಸರು ಕುದಿ ಹಿಡಿಯುವ ಮೊದಲೇ ತಳದಿಂದ ಹೊಗೆ. ಚಿಕ್ಕಮ್ಮ ಓಡಿಹೋಗಿ ಸ್ವಿಚ್ ಆರಿಸಿದ್ದರಿಂದ ಅಷ್ಟಕ್ಕೇ ಮುಗಿಯಿತು.

ಅಂಥವಕ್ಕೆ ಟ್ರಾನ್ಸ್‌ಫಾರ್ಮರ್ ಬೇಕು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ‘ಸ್ಟೆಪ್ ಡೌನ್’ ಎಂದು ಕೇಳಿದರೆ ಸಿಗುತ್ತದೆ. ಅಮೆರಿಕದಲ್ಲಿ ನಮ್ಮ ಮಿಕ್ಸಿಗೆ ಬೇಕಾದ್ದು ಇದಕ್ಕೆ ಉಲ್ಟಾ, ‘ಸ್ಟೆಪ್ ಅಪ್’. 750 ವ್ಯಾಟಿನ ಮಿಕ್ಸಿಗೆ 750ರದೇ ತಂದರೆ ಸಾಲದು. ಮೋಟಾರು ಹೊರಡುವ ಗಳಿಗೆಯಲ್ಲಿ ಹಲವು ಪಟ್ಟು ಕರೆಂಟ್ ಎಳೆಯುತ್ತದೆ, ಹಾಗಾಗಿ 1500ರದು ಬೇಕು. ಅದು ಅಕ್ಕಿ ಚೀಲದಷ್ಟು ಭಾರ, ಕಟ್ಟೆಯ ಮೇಲೆ ಅರ್ಧ ಮೊಳ ಜಾಗ. ವಿಮಾನ ನಿಲ್ದಾಣಗಳಲ್ಲಿ ಸಿಗುವ ಅಂಗೈಯಗಲದ ಹಗುರ ಕನ್ವರ್ಟರುಗಳ ಮೇಲೆ 1600 ವ್ಯಾಟ್ ಎಂದೆಲ್ಲ ಬರೆದಿರುತ್ತದೆ. ಅವು ಕಾಯಿಸುವ ವಸ್ತುಗಳಿಗೆ ಮಾತ್ರ. ಮಿಕ್ಸಿಗೆ ಹಾಕಿದರೆ ಮೋಟಾರು ಹಾಳು.

ಟ್ರಾನ್ಸ್‌ಫಾರ್ಮರಿಗೂ ಆಗದ ಕೆಲಸವೊಂದಿದೆ. ಅದು ವೋಲ್ಟೇಜನ್ನು ಏರಿಸೀತು, ಇಳಿಸೀತು, ಹರ್ಟ್ಜನ್ನು ಮುಟ್ಟಲಾರದು. ಮಿಕ್ಸಿಯ ಮೋಟಾರಿನಲ್ಲಿ ಇಂಗಾಲದ ಬ್ರಷ್ ಇರುತ್ತದೆ, ಅದಕ್ಕೆ 50 ಆದರೂ ಒಂದೇ 60 ಆದರೂ ಒಂದೇ. ದೋಸೆಹಿಟ್ಟು ರುಬ್ಬುವ ಗ್ರೈಂಡರಿನ ಮೋಟಾರು ಹಾಗಲ್ಲ. ಅದರ ವೇಗ ಹರ್ಟ್ಜಿಗೇ ಕಟ್ಟಿಕೊಂಡಿರುತ್ತದೆ. ನಮ್ಮ ಗ್ರೈಂಡರು ಅಮೆರಿಕದಲ್ಲಿ ಐದನೇ ಒಂದರಷ್ಟು ಹೆಚ್ಚು ಜೋರಾಗಿ ತಿರುಗುತ್ತದೆ, ಉದ್ದಿನಹಿಟ್ಟು ಬಿಸಿಯಾಗುತ್ತದೆ. ಅಲ್ಲಿನ ವಾಷಿಂಗ್ ಮಷಿನ್ನು, ಫ್ರಿಜ್ಜು ಇಲ್ಲಿಗೆ ಬಂದರೆ ನಿಧಾನವಾಗಿ ತಿರುಗಿ ಮೈ ಕಾಯಿಸಿಕೊಳ್ಳುತ್ತವೆ. ಗೋಡೆಯ ಕರೆಂಟಿನ ಲಯ ಹಿಡಿದು ನಡೆಯುವ ಹಳೆಯ ಗಡಿಯಾರವಾದರೆ ಗಂಟೆಗೆ ಹತ್ತು ನಿಮಿಷ ಹಿಂದೆ ಬೀಳುತ್ತದೆ. ಅದಕ್ಕೇ ನನ್ನ ಮಾತು ಸ್ಪಷ್ಟ: ಅಮೆರಿಕಕ್ಕೆ ಹೋಗುವವರು 110 ವೋಲ್ಟಿನ, 60 ಹರ್ಟ್ಜಿನ ಮಿಕ್ಸಿಯನ್ನೇ ಕೊಳ್ಳಲಿ. ನಮ್ಮ ದೇಶದ ಕಂಪನಿಗಳೇ ಮಾಡುತ್ತವೆ. ಪ್ರೀತಿ, ಅಲ್ಟ್ರಾ ಹೆಸರಿನವು ಅಲ್ಲೇ ಸಿಗುತ್ತವೆ. ಅಲ್ಲಿನ ಗೋಡೆಯ ಸಾಕೆಟ್ಟಿಗೆ ಸ್ವಿಚ್ಚೇ ಇರುವುದಿಲ್ಲ ಎಂಬುದನ್ನೂ ಹೋಗುವ ಮೊದಲು ತಿಳಿದಿದ್ದರೆ ಒಳ್ಳೆಯದು. ಜಾರಿಗೆ ಕೈ ಹಾಕುವ ಮುನ್ನ ಪ್ಲಗ್ಗನ್ನೇ ಕೀಳುವ ಅಭ್ಯಾಸ ಆಗಬೇಕು.

ಲ್ಯಾಪ್‌ಟಾಪಿಗೆ, ಫೋನಿಗೆ ಈ ತಲೆನೋವು ಯಾವುದೂ ಇಲ್ಲ. ಚಾರ್ಜರಿನ ಮೇಲೆ 100–240 ವೋಲ್ಟ್, 50/60 ಹರ್ಟ್ಜ್ ಎಂದಿದ್ದರೆ ಪಿನ್ನಿನ ಆಕಾರವೊಂದೇ ಪ್ರಶ್ನೆ.

ಜಗತ್ತಿಗೆಲ್ಲ ಒಂದೇ ಪ್ಲಗ್ ಮಾಡುವ ಪ್ರಯತ್ನ ನಡೆಯದೆ ಇಲ್ಲ. ಅಂತರರಾಷ್ಟ್ರೀಯ ವಿದ್ಯುತ್ ತಾಂತ್ರಿಕ ಆಯೋಗ 1986ರಲ್ಲಿ ಒಂದು ಮಾದರಿ ಪ್ರಕಟಿಸಿತು. ಬ್ರೆಜಿಲ್ ತನ್ನದೇ ತಿದ್ದುಪಡಿಯೊಂದಿಗೆ ಅದನ್ನು ಒಪ್ಪಿತು, ದಕ್ಷಿಣ ಆಫ್ರಿಕಾವೂ ಅಳವಡಿಸಿಕೊಂಡಿತು. ಬ್ರೆಜಿಲ್ಲಿನಲ್ಲಿ ಕೆಲವು ಊರುಗಳಿಗೆ 127 ವೋಲ್ಟ್, ಕೆಲವಕ್ಕೆ 220. ಸಾಕೆಟ್ ಮಾತ್ರ ಎಲ್ಲೆಡೆ ಒಂದೇ. ಅಲ್ಲಿ ಪಿನ್ನು ಎಲ್ಲ ಕಡೆಗೂ ಹೊಂದುತ್ತದೆ, ಬಾಗಿಲಲ್ಲಿ ಕೇಳುವವರು ಯಾರೂ ಇಲ್ಲ. ನಮ್ಮ ಎಕ್ಸ್‌ಟೆನ್ಷನ್ ಬಾಕ್ಸುಗಳ ‘ಯೂನಿವರ್ಸಲ್’ ತೂತುಗಳ ಬಗ್ಗೆ ನನ್ನ ಅಳುಕೂ ಇದೇ. ಅವು ಅಮೆರಿಕದ ಚಪ್ಪಟೆ ಪಿನ್ನನ್ನೂ ಒಳಗೆ ಬಿಡುತ್ತವೆ, 120 ವೋಲ್ಟಿನ ಸಾಮಾನಿಗೆ 230 ಉಣಿಸುತ್ತವೆ. ಜರ್ಮನಿಯ ಪ್ಲಗ್ಗನ್ನೂ ಒಳಗೆ ಬಿಡುತ್ತವೆ, ಆದರೆ ಅದರ ಅರ್ಥ್ ಇರುವುದು ಪಕ್ಕದ ಲೋಹದ ಪಟ್ಟಿಯಲ್ಲಿ, ಅದನ್ನು ಮುಟ್ಟುವುದಕ್ಕೆ ಬಾಕ್ಸಿನಲ್ಲಿ ಏನೂ ಇಲ್ಲ. ಲೋಹದ ಮೈಯ ಕಾಫಿ ಯಂತ್ರ ಅರ್ಥಿಂಗ್ ಇಲ್ಲದೆ ಓಡುತ್ತಿರುತ್ತದೆ, ನೋಡಿದವರಿಗೆ ಎಲ್ಲ ಸರಿಯಾಗೇ ಕಾಣುತ್ತದೆ. ಚೀಟಿಯ ಮೇಲೆ ಚೌಕದೊಳಗೊಂದು ಚೌಕದ ಗುರುತಿದ್ದರೆ ಆ ಉಪಕರಣಕ್ಕೆ ಎರಡು ಪದರದ ರಕ್ಷಣೆ ಇದೆ, ಅರ್ಥ್ ಬೇಡ ಎಂದರ್ಥ. ಆ ಗುರುತಿಲ್ಲದೆ ಮೂರನೇ ವೈರು ಇದ್ದರೆ ಅದನ್ನು ಕಟ್ಟಲೇಬೇಕು.

ಕುಕ್ಕರ್ ಸುಟ್ಟ ಅದೇ ತಮ್ಮನ ಬಳಿ ಅಮೆರಿಕದ ಒಂದು ಪಿಂಗಾಣಿ ಟೇಬಲ್ ಲ್ಯಾಂಪ್ ಉಳಿದಿತ್ತು. ಅವನ ಮಗಳು ಹುಟ್ಟಿದ ವರ್ಷ ಕೊಂಡದ್ದು, ಬಿಸಾಡಲು ಮನಸ್ಸಿಲ್ಲ. ಅದನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಇಬ್ಬರೂ ಬಿವಿಕೆ ಅಯ್ಯಂಗಾರ್ ರಸ್ತೆಗೆ ಹೋದೆವು. ಒಂದು ಅಂಗಡಿಯಲ್ಲಿ ವಯಸ್ಸಾದ ವೈರ್‌ಮನ್ ಒಬ್ಬರು ಸ್ಟೂಲಿನ ಮೇಲೆ ಕೂತು ದೀಪವನ್ನು ಮಡಿಲಲ್ಲಿ ಇಟ್ಟುಕೊಂಡರು. ಪ್ಲಗ್ಗನ್ನು ನೋಡಲಿಲ್ಲ. ಮೊದಲು ಹೋಲ್ಡರನ್ನು ಕಣ್ಣ ಹತ್ತಿರ ತಂದು ಅದರ ಮೇಲೆ ಅಚ್ಚೊತ್ತಿದ ಸಣ್ಣ ಅಕ್ಷರ ಓದಿದರು. 660 ವ್ಯಾಟ್, 250 ವೋಲ್ಟ್.

“ತಡೆಯುತ್ತೆ ಸಾರ್. ಬಲ್ಬ್ ಮಾತ್ರ ನಮ್ಮದೇ ಹಾಕಬೇಕು.”

ವೈರಿನಲ್ಲಿ ಬಣ್ಣವೇ ಇರಲಿಲ್ಲ. ಎರಡೂ ಎಳೆ ಪಾರದರ್ಶಕ, ಒಂದಕ್ಕೊಂದು ಅಂಟಿಕೊಂಡಿದ್ದವು. ನಾನು ಗಾಬರಿಯಾದೆ. ಅಮೆರಿಕದಲ್ಲಿ ಬಣ್ಣದ ವೈರಿದ್ದರೂ ನಮಗೆ ಕಷ್ಟವೇ: ನಮ್ಮಲ್ಲಿ ನ್ಯೂಟ್ರಲ್ ಆದ ಕಪ್ಪು ಅಲ್ಲಿ ಫೇಸ್, ನ್ಯೂಟ್ರಲ್ಲಿಗೆ ಅಲ್ಲಿ ಬಿಳಿ. ಇಲ್ಲಿ ಅದೂ ಇಲ್ಲ. ಅವರು ವೈರನ್ನು ಹೆಬ್ಬೆರಳಿನ ಉಗುರಿನಡಿ ನಿಧಾನವಾಗಿ ಎಳೆದುಕೊಂಡರು. ಒಂದು ಎಳೆಯ ಮೈ ನುಣುಪು, ಇನ್ನೊಂದರ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಗೆರೆಗಳು. “ಗೆರೆ ಇರೋದು ನ್ಯೂಟ್ರಲ್ಲು. ಇದನ್ನ ತಪ್ಪಿ ಹಾಕಿದ್ರೆ ಬಲ್ಬ್ ತಿರುಗಿಸೋ ಈ ಮರೆ ಇದೆಯಲ್ಲ, ಇದರ ಮೇಲೆ ಕರೆಂಟ್ ಬರುತ್ತೆ. ಸ್ವಿಚ್ ಆರಿಸಿದ್ರೂ ಇರುತ್ತೆ. ಮಗು ಬಲ್ಬ್ ಬಿಚ್ಚೋಕೆ ಹೋದ್ರೆ ಹೊಡೆಯುತ್ತೆ.”

ಎರಡೇ ವೈರಲ್ಲವೇ, ಟೂ ಪಿನ್ ಹಾಕಿದರೆ ಸಾಲದೇ ಎಂದು ತಮ್ಮ ಕೇಳಿದ. ಅವರು ತಲೆಯಾಡಿಸಿದರು. ಟೂ ಪಿನ್ನನ್ನು ಹೇಗೆ ಬೇಕಾದರೂ ತಿರುವಿ ಚುಚ್ಚಬಹುದು, ಆಗ ಫೇಸ್ ಯಾವ ಕಡೆ ಬರುತ್ತದೆಂದು ಹೇಳುವಂತಿಲ್ಲ. ತ್ರೀ ಪಿನ್ ಟಾಪನ್ನೇ ತೆಗೆದು, ಅರ್ಥ್ ಸ್ಕ್ರೂವನ್ನು ಖಾಲಿ ಬಿಟ್ಟು, ನುಣುಪು ವೈರನ್ನು ಬಲಕ್ಕೆ, ಗೆರೆಯ ವೈರನ್ನು ಎಡಕ್ಕೆ ಕಟ್ಟಿದರು. ಒಳಗೆ ಒಂದು ಗಂಟು ಹಾಕಿ, ಮುಚ್ಚಳ ಬಿಗಿದು, ಅಂಗಡಿಯ ಬೋರ್ಡಿಗೆ ಚುಚ್ಚಿ ಸ್ವಿಚ್ ಒತ್ತಿದರು. ಕಿಸೆಯಿಂದ ಟೆಸ್ಟರ್ ತೆಗೆದು ಹೋಲ್ಡರಿನ ಮರೆಗೆ ಮುಟ್ಟಿಸಿದರು. ಟೆಸ್ಟರಿನ ದೀಪ ಹತ್ತಲಿಲ್ಲ. ತಳದ ನಡುವಿನ ಬಿಂದುವಿಗೆ ಮುಟ್ಟಿಸಿದಾಗ ಕೆಂಪಗೆ ಹತ್ತಿತು.

ಸ್ವಿಚ್ ಆರಿಸಿ, ಟೆಸ್ಟರನ್ನು ಕಿಸೆಗೆ ಸಿಕ್ಕಿಸಿಕೊಂಡು, ತಮ್ಮನ ಕಡೆ ತಿರುಗಿದರು. “ಬಲ್ಬ್ ತಂದಿದ್ದೀರಾ ಸಾರ್, ಇಲ್ಲಿಂದಲೇ ಕೊಡಲಾ?”